ದೀಪ ಬದಲಿಸುವ ಮೊದಲು: ಕರಾವಳಿಯ ಮನೆಯಲ್ಲಿ ಸಣ್ಣ ಹವಳದ ತೊಟ್ಟಿಯ ದೋಷ ನಿವಾರಣೆ

ಹವಳದ ತೊಟ್ಟಿಯನ್ನು ಹೊಸದಾಗಿ ಇಟ್ಟವರು, ಹವಳ ಮುದುಡಿದೊಡನೆ ಮೊದಲು ಅನುಮಾನಿಸುವುದು ದೀಪವನ್ನು. ದೀಪ ಕಣ್ಣಿಗೆ ಕಾಣುತ್ತದೆ, ಅದಕ್ಕೆ ಹೆಚ್ಚು ಹಣ ಕೊಟ್ಟಿರುತ್ತೇವೆ, ಅದರ ಗುಂಡಿಗಳು ಕೈಗೆ ಸಿಗುವಂತಿರುತ್ತವೆ. ಆದರೆ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗಿನ ನಮ್ಮ ಊರುಗಳಲ್ಲಿ, ಹಾಗೆಯೇ ಬದಿಯಡ್ಕ, ಪೆರ್ಲ, ಮುಳ್ಳೇರಿಯದಂತಹ ಒಳನಾಡಿನಲ್ಲಿಯೂ, ಬೆಳಕಿನ ದೋಷವೆಂದು ತೋರುವವುಗಳಲ್ಲಿ ಹೆಚ್ಚಿನವು ಸೆಕೆಯಿಂದ, ನೀರು ಆವಿಯಾಗುವುದರಿಂದ, ಕರೆಂಟು ಹೋಗಿ ಬರುವುದರಿಂದ ಹುಟ್ಟಿದವು. ಆದುದರಿಂದ ಈ ಕೈಪಿಡಿಯಲ್ಲಿ ದೀಪದ ಪರೀಕ್ಷೆಯನ್ನು ಉದ್ದೇಶಪೂರ್ವಕವಾಗಿ ಕೊನೆಯ ಭಾಗಕ್ಕೆ ಇಡಲಾಗಿದೆ. ಅಲ್ಲಿಯವರೆಗೆ ದೀಪದ ಪ್ರಖರತೆ, ಎತ್ತರ, ಅವಧಿ ಯಾವುದನ್ನೂ ಬದಲಿಸಬಾರದು. ಒಂದೇ ದಿನ ದೀಪವನ್ನೂ ಬದಲಿಸಿ ನೀರನ್ನೂ ಬದಲಿಸಿದರೆ, ಹವಳ ಚೇತರಿಸಿಕೊಂಡರೂ ಕಾರಣ ಯಾವುದೆಂದು ತಿಳಿಯುವುದಿಲ್ಲ. ಮುಂದಿನ ಸಲ ಅದೇ ದೋಷ ಬಂದಾಗ ಮತ್ತೆ ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ಯಾವ ತೊಟ್ಟಿಯ ಬಗ್ಗೆ ಈ ಮಾತು

ಇಲ್ಲಿ ಮಾದರಿಯಾಗಿ ತೆಗೆದುಕೊಂಡಿರುವುದು 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 36 ಸೆಂ.ಮೀ. ಎತ್ತರದ ಗಾಜಿನ ತೊಟ್ಟಿ. ಅಂಚಿನವರೆಗೆ ತುಂಬಿದರೆ ಸುಮಾರು 65 ಲೀಟರ್ ಹಿಡಿಯುತ್ತದೆ. ಮರಳು, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ ನಿಜವಾದ ನೀರು 50 ಲೀಟರಿನ ಆಸುಪಾಸಿನಲ್ಲಿರುತ್ತದೆ. ಮುಂದಿನ ಲೆಕ್ಕಗಳೆಲ್ಲ ಈ 50 ಲೀಟರಿಗೆ ಸಂಬಂಧಿಸಿದವು. ಜೀವಿಗಳೆಂದರೆ ಒಂದು ಜೋಡಿ ಕ್ಲೌನ್ ಮೀನು, ಒಂದೆರಡು ಬಸವನಹುಳು, ಒಂದು ಸಿಗಡಿ, ಮತ್ತು ಝೋವಾಂಥಿಡ್, ಮಶ್ರೂಮ್, ಲೆದರ್ ಜಾತಿಯ ಮೃದು ಹವಳಗಳು.

ಗಟ್ಟಿ ಹವಳಗಳನ್ನು ಸೇರಿಸದಿರಲು ಎರಡು ಕಾರಣಗಳಿವೆ. ಹೊಸಬರ ತೊಟ್ಟಿಯಲ್ಲಿ ಅವು ಬಾಳುವುದು ಕಷ್ಟ ಎಂಬುದು ಚಿಕ್ಕ ಕಾರಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆಗಳು ಸೇರಿಕೊಂಡಿವೆ ಎಂಬುದು ದೊಡ್ಡ ಕಾರಣ. ಲಕ್ಷದ್ವೀಪಕ್ಕೆ ಹೋಗಿಬಂದ ನೆಂಟರು ಪ್ರೀತಿಯಿಂದ ತಂದ ಹವಳದ ತುಂಡಾದರೂ ಸರಿ, ಅದನ್ನು ತೊಟ್ಟಿಗೆ ಹಾಕಬಾರದು, ಮನೆಯಲ್ಲಿಯೂ ಇಟ್ಟುಕೊಳ್ಳಬಾರದು. 2024ರ ಬೇಸಗೆಯಲ್ಲಿ ಸಮುದ್ರದ ಬಿಸಿಯಲೆಯಿಂದ ಅಲ್ಲಿನ ಹವಳಗಳು ವ್ಯಾಪಕವಾಗಿ ಬಿಳಿಚಿಕೊಂಡದ್ದನ್ನು ಕೊಚ್ಚಿಯ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ವರದಿ ಮಾಡಿದ್ದಾರೆ. ಆ ದಿಬ್ಬಗಳ ಮೇಲೆ ನಮ್ಮ ಹವ್ಯಾಸದ ಭಾರವೂ ಬೀಳುವುದು ಬೇಡ. ಕಲ್ಲಿಗೂ ಇದೇ ಮಾತು: ತೊಟ್ಟಿಗಾಗಿಯೇ ತಯಾರಿಸಿದ ಕೃತಕ ಕಲ್ಲು ಧಾರಾಳವಾಗಿ ಸಾಕು.

ಮೊದಲ ಪ್ರಶ್ನೆ: ಯಾರು ಮುದುಡಿದ್ದಾರೆ, ಎಷ್ಟು ಬೇಗ

ಯಾವ ಉಪಕರಣವನ್ನೂ ಮುಟ್ಟುವ ಮೊದಲು ತೊಟ್ಟಿಯ ಮುಂದೆ ಸ್ವಲ್ಪ ಹೊತ್ತು ಕುಳಿತು ನೋಡಬೇಕು. ಎಲ್ಲ ಹವಳಗಳೂ ಒಂದೇ ದಿನದೊಳಗೆ ಮುದುಡಿದ್ದರೆ ದೋಷ ನೀರಿನಲ್ಲಿದೆ ಎಂದು ತಿಳಿಯಬೇಕು. ದೀಪದಿಂದ ಆಗುವ ತೊಂದರೆ ಅಷ್ಟು ಸಮನಾಗಿ ಹರಡುವುದಿಲ್ಲ. ದೀಪದ ನೇರ ಕೆಳಗಿರುವವು ಮಾತ್ರ ಮಂಕಾಗಿ, ಕಲ್ಲಿನ ನೆರಳಿನಲ್ಲಿರುವವು ಚೆನ್ನಾಗಿದ್ದರೆ ಆಗ ಬೆಳಕನ್ನು ಅನುಮಾನಿಸಬಹುದು. ಒಂದು ಮೂಲೆಯ ಹವಳಗಳು ಮಾತ್ರ ಸೊರಗಿ, ಅವುಗಳ ಮೇಲೆ ಕಸದ ಪದರ ಕೂತಿದ್ದರೆ ಅಲ್ಲಿ ನೀರಿನ ಹರಿವು ಸಾಲದು.

ಮೀನುಗಳ ನಡವಳಿಕೆಯೂ ಸಾಕ್ಷಿ ಹೇಳುತ್ತದೆ. ಮೀನುಗಳು ನೀರಿನ ಮೇಲ್ಮೈಯಲ್ಲಿ ಬಾಯಿ ತೆರೆದು ವೇಗವಾಗಿ ಕಿವಿರು ಆಡಿಸುತ್ತಿದ್ದರೆ ಆಮ್ಲಜನಕ ಕಡಿಮೆಯಾಗಿದೆ ಅಥವಾ ಅಮೋನಿಯಾ ಏರಿದೆ. ಮೀನುಗಳು ಎಂದಿನಂತೆ ಓಡಾಡುತ್ತಿದ್ದು, ಸಿಗಡಿ ಸತ್ತು, ಬಸವನಹುಳು ಗಾಜಿನಿಂದ ಕಳಚಿ ಬಿದ್ದು, ಹವಳಗಳು ಮುದುಡಿದ್ದರೆ ಅದು ತಾಮ್ರದ ಅಥವಾ ಕೀಟನಾಶಕದ ಲಕ್ಷಣ. ಇದರ ಬಗ್ಗೆ ಮುಂದೆ ವಿವರವಾಗಿ ಬರುತ್ತದೆ, ಏಕೆಂದರೆ ಅಡಿಕೆ ತೋಟವಿರುವ ಮನೆಗಳಲ್ಲಿ ಇದು ನಿಜವಾದ ಅಪಾಯ.

ತೊಟ್ಟಿ ಇಟ್ಟು ಇನ್ನೂ ನಾಲ್ಕರಿಂದ ಆರು ವಾರ ಆಗಿರದಿದ್ದರೆ ಬೇರೆಲ್ಲವನ್ನೂ ಬದಿಗಿಟ್ಟು ಅಮೋನಿಯಾ ಪರೀಕ್ಷಿಸಬೇಕು. ಅಮೋನಿಯಾವನ್ನು ನೈಟ್ರೈಟಾಗಿಯೂ ನೈಟ್ರೈಟನ್ನು ನೈಟ್ರೇಟಾಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಕಲ್ಲಿನಲ್ಲಿ ನೆಲೆಗೊಳ್ಳಲು ಅಷ್ಟು ಸಮಯ ಬೇಕು. ಅದಕ್ಕೂ ಮುಂಚೆ ಜೀವಿಗಳನ್ನು ಬಿಟ್ಟಿದ್ದರೆ ನಿವಾರಣೆ ಒಂದೇ: ನೀರು ಬದಲಿಸುತ್ತಾ, ಆಹಾರ ಕಡಿಮೆ ಮಾಡುತ್ತಾ ಕಾಯುವುದು.

ಉಷ್ಣತೆ

ನಮ್ಮ ಕರಾವಳಿಯಲ್ಲಿ ತೊಟ್ಟಿಯ ಆರೋಗ್ಯವನ್ನು ನಿರ್ಧರಿಸುವುದು ಹೆಚ್ಚಾಗಿ ಇದೇ. ನೀರಿನ ಉಷ್ಣತೆ 25ರಿಂದ 27 ಡಿಗ್ರಿ ಸೆಲ್ಸಿಯಸ್ ಇರುವುದು ಒಳ್ಳೆಯದು. ಮಾರ್ಚ್‌ನಿಂದ ಮೇ ತಿಂಗಳವರೆಗೆ ಹೊರಗಿನ ಗಾಳಿ 33–34 ಡಿಗ್ರಿಗೆ ಏರುವ ದಿನಗಳಲ್ಲಿ ಸುಮ್ಮನಿಟ್ಟ ತೊಟ್ಟಿಯ ನೀರು 30 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ಹವಳದ ಮೈಯೊಳಗೆ ಸೂಕ್ಷ್ಮ ಪಾಚಿಗಳು ವಾಸಿಸುತ್ತವೆ. ಬೆಳಕಿನಿಂದ ಅವು ತಯಾರಿಸಿದ ಆಹಾರವೇ ಹವಳದ ಮುಖ್ಯ ಆಹಾರ. ಬಿಸಿ ಹೆಚ್ಚು ದಿನ ಮುಂದುವರಿದರೆ ಹವಳ ಈ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಹೆಚ್ಚು ಬೆಳಕು ಬಿದ್ದಾಗಲೂ ಇದೇ ರೀತಿ ಬಿಳಿಚಿಕೊಳ್ಳುವುದರಿಂದ ಎರಡನ್ನೂ ಒಂದೇ ಎಂದು ತಪ್ಪು ತಿಳಿಯುವವರು ಬಹಳ. ವ್ಯತ್ಯಾಸ ತಿಳಿಯುವ ಬಗೆ ಸರಳವಾಗಿದೆ: ಬಿಸಿಯಿಂದ ಬಂದ ಬಿಳಿಚು ನೆರಳಿನ ಹವಳಗಳನ್ನೂ ಬಿಡುವುದಿಲ್ಲ.

ಗಾಜಿನ ಹೊರಗೆ ಅಂಟಿಸುವ ಪಟ್ಟಿಯ ಥರ್ಮಾಮೀಟರನ್ನು ನಂಬಬಾರದು. ಅದು ಅರ್ಧ ನೀರಿನದ್ದೂ ಅರ್ಧ ಕೋಣೆಯದ್ದೂ ಆದ ಉಷ್ಣತೆಯನ್ನು ತೋರಿಸುತ್ತದೆ. ನೀರೊಳಗೆ ಇಡುವ ಎರಡು ಥರ್ಮಾಮೀಟರುಗಳಿಂದ ಬೆಳಗ್ಗೆ ಏಳುತ್ತಲೇ ಒಮ್ಮೆ, ಮಧ್ಯಾಹ್ನ ಮೂರು ಗಂಟೆಗೆ ಒಮ್ಮೆ, ರಾತ್ರಿ ದೀಪ ಆರುವ ಹೊತ್ತಿಗೆ ಒಮ್ಮೆ ಅಳೆದು ಬರೆದಿಡಬೇಕು. ಬೆಳಗ್ಗೆ ಮಾತ್ರ ಅಳೆಯುವವರಿಗೆ ಎಲ್ಲವೂ ಸರಿಯಿರುವಂತೆ ಕಾಣುತ್ತದೆ.

ನೀರು ಬಿಸಿಯಾಗಿದೆ ಎಂದು ಖಚಿತವಾದ ಮೇಲೆ ಮೊದಲು ತೊಟ್ಟಿಯೊಳಗಿನ ಶಾಖದ ಮೂಲಗಳನ್ನು ಹುಡುಕಬೇಕು. ನೀರಿನಲ್ಲಿ ಮುಳುಗಿರುವ ಪಂಪು ತೆಗೆದುಕೊಳ್ಳುವ ವಿದ್ಯುತ್ತು ಬಹುಪಾಲು ಶಾಖವಾಗಿ ನೀರಿಗೇ ಸೇರುತ್ತದೆ. ಹಾಗಾಗಿ 25 ವ್ಯಾಟಿನ ಪಂಪಿನ ಜಾಗದಲ್ಲಿ 8 ವ್ಯಾಟಿನದನ್ನು ಇಡುವುದು ಯಾವ ಹೆಚ್ಚುವರಿ ಉಪಕರಣವೂ ಇಲ್ಲದೆ ಸಿಗುವ ತಂಪು. ಗಾಜಿನ ಮುಚ್ಚಳವಿದ್ದರೆ ತೆಗೆದು, ಮೀನು ಹಾರದಂತೆ ನೆಟ್ ಹಾಕಬೇಕು. ಹೀಟರ್ ಇದ್ದರೆ ಅದನ್ನು ಪ್ಲಗ್ಗಿನಿಂದ ಕಳಚಿ ಒಂದು ದಿನ ನೋಡಬೇಕು. ಥರ್ಮೋಸ್ಟಾಟ್ ಅಂಟಿಕೊಂಡು ಹೀಟರ್ ಆರದೇ ಉಳಿಯುವುದು ಎಲ್ಲೆಡೆಯೂ ಪರಿಚಿತವಾದ ದೋಷ. ನನ್ನ ಅಭಿಪ್ರಾಯದಲ್ಲಿ ಏಸಿ ಇಲ್ಲದ ನಮ್ಮ ಮನೆಗಳಲ್ಲಿ ಹೊಸಬರು ಹೀಟರಿಗೆ ಹಣ ಹಾಕುವ ಅಗತ್ಯವೇ ಇಲ್ಲ. ಇಲ್ಲಿ ಬೇಕಾಗುವುದು ಅದರ ವಿರುದ್ಧದ ಉಪಕರಣ.

ನೀರಿನ ಮೇಲ್ಮೈಗೆ ಓರೆಯಾಗಿ ಬೀಸುವ ಸಣ್ಣ ಫ್ಯಾನು ಅಗ್ಗದ ಉಪಾಯ. ಆವಿಯಾಗುವ ನೀರು ಶಾಖವನ್ನು ಕೊಂಡೊಯ್ಯುತ್ತದೆ. ಆದರೆ ಇದಕ್ಕೊಂದು ಮಿತಿಯಿದೆ, ಮತ್ತು ಆ ಮಿತಿ ಕರಾವಳಿಯಲ್ಲಿ ಬೇಗ ಎದುರಾಗುತ್ತದೆ. ಫ್ಯಾನು ಎಷ್ಟೇ ಬೀಸಿದರೂ ನೀರನ್ನು ಗಾಳಿಯ ಆರ್ದ್ರ ಬಲ್ಬ್ ಉಷ್ಣತೆಗಿಂತ (ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಗಾಳಿಯಲ್ಲಿ ತೋರಿಸುವ ಉಷ್ಣತೆ) ಕೆಳಗಿಳಿಸಲಾರದು. ಗಾಳಿ 33 ಡಿಗ್ರಿ, ಆರ್ದ್ರತೆ ಶೇಕಡಾ 70 ಇರುವ ಏಪ್ರಿಲ್ ಮಧ್ಯಾಹ್ನದಲ್ಲಿ ಆ ಮಿತಿ ಸುಮಾರು 28 ಡಿಗ್ರಿ. ನಿಜವಾಗಿ ನೀರು ನಿಲ್ಲುವುದು ಅದಕ್ಕಿಂತ ಸ್ವಲ್ಪ ಮೇಲೆಯೇ. ಒಣ ಹವೆಯ ಬಯಲುಸೀಮೆಯಲ್ಲಿ ಫ್ಯಾನಿನಿಂದ ಸಿಗುವ ಫಲವನ್ನು ಕೇಳಿಸಿಕೊಂಡು ಇಲ್ಲಿಯೂ ಅದನ್ನೇ ನಿರೀಕ್ಷಿಸುವುದು ಸರಿಯಲ್ಲ. ಮಶ್ರೂಮ್, ಝೋವಾಂಥಿಡ್‌ಗಳು 29 ಡಿಗ್ರಿಯನ್ನು ಕೆಲವು ದಿನ ತಾಳಿಕೊಳ್ಳಬಹುದು, ಆದರೆ ಬೇಸಗೆಯುದ್ದಕ್ಕೂ ಅದನ್ನೇ ನಂಬಿ ಕೂರಲಾಗದು. ಏಸಿ ಇರುವ ಕೋಣೆ ಇಲ್ಲವೇ ನೀರನ್ನು ತಂಪು ಮಾಡುವ ಸಣ್ಣ ಯಂತ್ರವಾದ ಚಿಲ್ಲರ್, ಇವೆರಡರಲ್ಲಿ ಒಂದು ಬೇಕು. ಚಿಲ್ಲರ್ ಇದ್ದೂ ನೀರು ತಂಪಾಗದಿದ್ದರೆ ಅದನ್ನು ಎಲ್ಲಿ ಇಟ್ಟಿದ್ದೀರಿ ಎಂದು ನೋಡಬೇಕು. ತೊಟ್ಟಿಯ ಕೆಳಗಿನ ಬಾಗಿಲು ಹಾಕಿದ ಕಪಾಟಿನಲ್ಲಿಟ್ಟರೆ ತಾನು ಹೊರಬಿಟ್ಟ ಬಿಸಿಗಾಳಿಯನ್ನೇ ಅದು ಮತ್ತೆ ಎಳೆದುಕೊಳ್ಳುತ್ತದೆ. ಹಿಂಬದಿಯ ಜಾಲರಿಯಲ್ಲಿ ಧೂಳು ಕಟ್ಟಿದ್ದರೂ ಅದೇ ಫಲ.

ಲವಣಾಂಶ

ಫ್ಯಾನು ಹಾಕಿದವರು ತಪ್ಪದೆ ಎದುರಿಸುವ ಮುಂದಿನ ದೋಷ ಇದು. ಆವಿಯಾಗುವುದು ನೀರು ಮಾತ್ರ. ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಫ್ಯಾನಿನ ಕೆಳಗೆ ಈ ಅಳತೆಯ ತೊಟ್ಟಿಯಿಂದ ದಿನಕ್ಕೆ ಒಂದರಿಂದ ಒಂದೂವರೆ ಲೀಟರ್ ನೀರು ಹೋಗುವುದುಂಟು. 35 ಪಿಪಿಟಿ (ಸಾವಿರ ಭಾಗ ನೀರಿಗೆ 35 ಭಾಗ ಉಪ್ಪು) ಇದ್ದ 50 ಲೀಟರ್ ನೀರಿನಿಂದ ಎರಡು ಲೀಟರ್ ಹೋದರೆ ಲವಣಾಂಶ 36.5ಕ್ಕೆ ಏರುತ್ತದೆ. ಮದುವೆಗೆಂದು ಮೂರು ದಿನ ಊರಿಗೆ ಹೋಗಿ, ನಾಲ್ಕೂವರೆ ಲೀಟರ್ ಕಡಿಮೆಯಾದರೆ 38.5ರ ಹತ್ತಿರ ಬರುತ್ತದೆ. ಮರಳಿ ಬಂದವರು ಗಾಬರಿಯಿಂದ ಒಂದೇ ಸಲಕ್ಕೆ ಸಿಹಿನೀರು ಸುರಿದು ಮಟ್ಟ ಸರಿಪಡಿಸಿದರೆ ಹವಳಕ್ಕೆ ಎರಡನೆಯ ಪೆಟ್ಟು. ಇಂತಹ ಸಂದರ್ಭದಲ್ಲಿ ನೀರಿನ ಮಟ್ಟವನ್ನು ಒಂದೆರಡು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಸರಿಪಡಿಸಬೇಕು. ದಿನವೂ ನೀರು ತುಂಬಿಸುವ ಸ್ವಯಂಚಾಲಿತ ಸಾಧನವನ್ನು ನಾನು ಅಲಂಕಾರವೆಂದು ಪರಿಗಣಿಸುವುದಿಲ್ಲ. ಸಣ್ಣ ತೊಟ್ಟಿಗೆ, ನೀರಿನ ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರಿಗಿಂತ ಅದು ಹೆಚ್ಚು ಅಗತ್ಯ.

ಅಳತೆಯಲ್ಲಿಯೇ ದೋಷವಿರಬಹುದು. ತೇಲುವ ಕಡ್ಡಿಯ ಪ್ಲಾಸ್ಟಿಕ್ ಹೈಡ್ರೋಮೀಟರಿನ ಕಡ್ಡಿಗೆ ಸಣ್ಣ ಗುಳ್ಳೆಯೊಂದು ಅಂಟಿದರೂ ಇಲ್ಲದ ಉಪ್ಪನ್ನು ಅದು ತೋರಿಸುತ್ತದೆ. ನೀರಿನಲ್ಲಿ ಬೆಳಕು ಬಾಗುವುದನ್ನು ನೋಡಿ ಉಪ್ಪನ್ನು ಅಳೆಯುವ ರಿಫ್ರ್ಯಾಕ್ಟೋಮೀಟರ್ ಉತ್ತಮ, ಆದರೆ ಅದನ್ನು ಶುದ್ಧ ನೀರಿನಿಂದ ಸೊನ್ನೆಗೆ ಹೊಂದಿಸಿದರೆ ಮಾತ್ರ ಸಾಲದು. 35 ಪಿಪಿಟಿಯ ದ್ರಾವಣದಿಂದಲೇ ಹೊಂದಿಸಬೇಕು. ಅಂತಹ ದ್ರಾವಣ ಸಿಗದಿದ್ದರೆ 36.5 ಗ್ರಾಂ ಶುದ್ಧವಾದ ಒಣ ಅಡುಗೆ ಉಪ್ಪನ್ನು 963.5 ಗ್ರಾಂ ಶುದ್ಧ ನೀರಿನಲ್ಲಿ ಕರಗಿಸಿದರೆ ಅದು ರಿಫ್ರ್ಯಾಕ್ಟೋಮೀಟರಿನಲ್ಲಿ 35 ಪಿಪಿಟಿಯ ಸಮುದ್ರದ ನೀರಿನಂತೆಯೇ ಕಾಣುತ್ತದೆ. ಇದು ಹೊಂದಿಸುವುದಕ್ಕೆ ಮಾತ್ರ, ತೊಟ್ಟಿಗೆ ಹಾಕುವುದಕ್ಕಲ್ಲ.

ಸಮುದ್ರ ಹತ್ತಿರವಿರುವುದರಿಂದ ಕಡಲಿನ ನೀರನ್ನೇ ತಂದು ಹಾಕುವವರಿದ್ದಾರೆ. ಬೇಸಗೆಯಲ್ಲಿ, ಭರತದ ಹೊತ್ತಿನಲ್ಲಿ, ಹೊಳೆಯ ಅಳಿವೆಯಿಂದಲೂ ಮೀನುಗಾರಿಕಾ ಬಂದರಿನಿಂದಲೂ ದೂರ ತೆಗೆದ ನೀರು ಕೆಲಸಕ್ಕೆ ಬರುತ್ತದೆ. ಆದರೆ ಜೂನಿನಿಂದ ಸೆಪ್ಟೆಂಬರಿನವರೆಗೆ ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ ಹೊಳೆಗಳು ಕೆಂಪು ನೀರನ್ನು ಕಡಲಿಗೆ ತಳ್ಳುತ್ತಿರುವಾಗ ದಡದ ನೀರಿನ ಲವಣಾಂಶ ಕುಸಿಯುತ್ತದೆ, ಮಣ್ಣೂ ಗೊಬ್ಬರದ ಅಂಶವೂ ಅದರಲ್ಲಿರುತ್ತದೆ. ಮಳೆಗಾಲಕ್ಕೆ ತಯಾರಿಸಿದ ಉಪ್ಪನ್ನೇ ಬಳಸಬೇಕು. ಅದನ್ನು ಕರಗಿಸಲೂ, ಆವಿಯಾದದ್ದನ್ನು ತುಂಬಿಸಲೂ ಬಾವಿ ನೀರನ್ನು ನೇರವಾಗಿ ಬಳಸಬಾರದು. ಮುರಕಲ್ಲಿನ ನೆಲದ ಬಾವಿ ನೀರು ಕುಡಿಯಲು ಸಿಹಿಯಾಗಿದ್ದರೂ ಹಲವೆಡೆ ಆಮ್ಲೀಯವಾಗಿದ್ದು ಕಬ್ಬಿಣದ ಅಂಶ ಹೊಂದಿರುತ್ತದೆ. ಆರ್‌ಓ ಯಂತ್ರದಿಂದ ಬಂದು, ಅಯಾನು ತೆಗೆಯುವ ರೆಸಿನ್ ಮೂಲಕವೂ ಹಾದ, ಟಿಡಿಎಸ್ (ನೀರಿನಲ್ಲಿ ಕರಗಿದ ಅಂಶಗಳ ಅಳತೆ) ಸೊನ್ನೆ ತೋರಿಸುವ ನೀರು ಬೇಕು. ಅಡುಗೆಮನೆಯ ಆರ್‌ಓ ಯಂತ್ರಗಳಲ್ಲಿ ರುಚಿಗೆಂದು ಖನಿಜ ಮರಳಿ ಸೇರಿಸುವ ಭಾಗವಿದ್ದರೆ ಆ ನೀರು ಇದಕ್ಕೆ ಹೊಂದುವುದಿಲ್ಲ.

ಕರೆಂಟು ಹೋಗಿ ಬಂದ ಮೇಲೆ

ಹವಳಗಳು ಹಗಲಿನಲ್ಲಿ ಮುದುಡಿಯೇ ಇದ್ದು, ರಾತ್ರಿ ತಡವಾಗಿ ಅರಳುತ್ತಿವೆ ಎಂದಾದರೆ ಟೈಮರನ್ನು ನೋಡಿ. ಸುತ್ತಲೂ ಹಲ್ಲುಗಳಿರುವ ತಿರುಗುವ ಟೈಮರು ಕರೆಂಟು ಹೋದಾಗ ತಾನೂ ನಿಲ್ಲುತ್ತದೆ. ಬಂದಾಗ ನಿಂತಲ್ಲಿಂದ ಮುಂದುವರಿಯುತ್ತದೆ. ದಿನಕ್ಕೆ ಅರ್ಧ ಗಂಟೆ ಕರೆಂಟು ಹೋದರೂ ಒಂದು ವಾರದಲ್ಲಿ ದೀಪದ ಹಗಲು ಮೂರೂವರೆ ಗಂಟೆ ಹಿಂದೆ ಬೀಳುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಇಡೀ ದಿನ ಕರೆಂಟಿಲ್ಲದ ಊರುಗಳಲ್ಲಿ ಹೇಳುವುದೇ ಬೇಡ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರು ಹಾಕಿದರೆ ಈ ದೋಷ ಮುಗಿಯಿತು. ಕೆಲವು ಅಗ್ಗದ ಎಲ್‌ಇಡಿ ದೀಪಗಳ ನಿಯಂತ್ರಕಕ್ಕೆ ನೆನಪು ಇರುವುದಿಲ್ಲ; ಕರೆಂಟು ಬಂದೊಡನೆ ನೀವು ಇಟ್ಟಿದ್ದ ಶೇಕಡಾ 40ನ್ನು ಮರೆತು ಪೂರ್ಣ ಪ್ರಖರತೆಯಲ್ಲಿ ಉರಿಯುತ್ತವೆ. ಇದನ್ನು ಪರೀಕ್ಷಿಸುವುದು ಸುಲಭ: ಪ್ಲಗ್ ಕಳಚಿ, ಹತ್ತು ನಿಮಿಷ ಬಿಟ್ಟು, ಮತ್ತೆ ಹಾಕಿ ನೋಡಬೇಕು. ದೀಪ ಕೊಳ್ಳುವಾಗ ಅಂಗಡಿಯಲ್ಲಿಯೇ ಈ ಪರೀಕ್ಷೆ ಮಾಡಿಸುವುದು ಇನ್ನೂ ಒಳ್ಳೆಯದು.

ಕರೆಂಟು ಬಂದ ಮೇಲೆ ಪಂಪು ಗುಂಯ್‌ಗುಡುತ್ತಾ ತಿರುಗದೇ ಇದ್ದರೆ ಅದರ ತಿರುಗುಚಕ್ರದಲ್ಲಿ ಸುಣ್ಣದ ಪದರ ಕಟ್ಟಿದೆ ಎಂದರ್ಥ. ಓಡುತ್ತಿರುವಾಗ ತಿಳಿಯದ ಈ ತಡೆ, ನಿಂತು ಮತ್ತೆ ಹೊರಡುವಾಗ ತಿಳಿಯುತ್ತದೆ. ಪಂಪನ್ನು ಬಿಚ್ಚಿ ಬಿಳಿ ವಿನೆಗರ್ ಬೆರೆಸಿದ ನೀರಿನಲ್ಲಿ ಕೆಲವು ಗಂಟೆ ನೆನೆಸಿ, ಹಳೆಯ ಟೂತ್‌ಬ್ರಷ್ಷಿನಿಂದ ಉಜ್ಜಿ, ಚೆನ್ನಾಗಿ ತೊಳೆದು ಜೋಡಿಸಬೇಕು. ಸಂಜೆಯ ವೋಲ್ಟೇಜ್ ಕಡಿಮೆ ಇರುವ ಮನೆಗಳಲ್ಲಿ ಈ ಶುಚಿಗೊಳಿಸುವ ಕೆಲಸವನ್ನು ಮಳೆಗಾಲಕ್ಕೆ ಮೊದಲೇ ಮುಗಿಸಿಕೊಳ್ಳುವುದು ಕ್ಷೇಮ.

ಇನ್ವರ್ಟರ್ ಇದ್ದರೆ ತೊಟ್ಟಿಯ ನೀರನ್ನು ಆಡಿಸುವ ವೇವ್‌ಮೇಕರ್ ಪಂಪನ್ನು ಮಾತ್ರ ಅದಕ್ಕೆ ಜೋಡಿಸಿ. 5–10 ವ್ಯಾಟಿನ ಈ ಪಂಪಿನಿಂದ ಬ್ಯಾಟರಿಗೆ ಭಾರವೇನೂ ಇಲ್ಲ, ಆಮ್ಲಜನಕದ ಚಿಂತೆ ತಪ್ಪುತ್ತದೆ. ದೀಪ ಎರಡು ದಿನ ಉರಿಯದಿದ್ದರೂ ಹವಳ ಸಾಯುವುದಿಲ್ಲ, ನೀರು ನಿಂತರೆ ಮೀನು ಒಂದೇ ರಾತ್ರಿಯಲ್ಲಿ ಸಾಯಬಹುದು. ಇನ್ವರ್ಟರ್ ಸೈನ್ ವೇವ್ ಆಗಿಲ್ಲದಿದ್ದರೆ ಪಂಪು ಬಿಸಿಯಾಗಿ ಸದ್ದು ಮಾಡುತ್ತದೆ ಎಂಬುದನ್ನೂ ಗಮನದಲ್ಲಿಡಬೇಕು. ತೊಟ್ಟಿಯ ಎಲ್ಲ ಪ್ಲಗ್ಗುಗಳೂ 30 ಮಿಲಿಆಂಪಿಯರಿನ ಆರ್‌ಸಿಸಿಬಿಯ (ಕರೆಂಟು ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್ಚು) ಹಿಂದೆ ಇರಲೇಬೇಕು. ಅದು ಪದೇ ಪದೇ ಬೀಳುತ್ತಿದ್ದರೆ ಅದನ್ನು ದೂರದೆ, ಒಂದೊಂದೇ ಉಪಕರಣ ಕಳಚಿ ಸೋರುವುದು ಯಾವುದೆಂದು ಹುಡುಕಬೇಕು.

ಮದ್ದು ಬಿಡುವ ದಿನಗಳು

ಅಡಿಕೆಗೆ ಕೊಳೆರೋಗ ಬಾರದಂತೆ ಮಳೆಗಾಲದಲ್ಲಿ ಬಿಡುವ ಬೋರ್ಡೋ ದ್ರಾವಣದಲ್ಲಿ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಇರುತ್ತದೆ. ಮೈಲುತುತ್ತು ಎಂದರೆ ತಾಮ್ರದ ಸಲ್ಫೇಟ್. ಬೆನ್ನೆಲುಬಿಲ್ಲದ ಸಮುದ್ರಜೀವಿಗಳಿಗೆ ತಾಮ್ರ ಅತ್ಯಂತ ಕಡಿಮೆ ಪ್ರಮಾಣದಲ್ಲಿಯೂ ವಿಷ. ಮೀನುಗಳು ಅದನ್ನು ಹೆಚ್ಚು ತಾಳುತ್ತವೆ. ಸಿಗಡಿ ಸತ್ತು ಮೀನು ಸುಖವಾಗಿರುವುದರ ಹಿಂದೆ ಇರುವುದು ಈ ವ್ಯತ್ಯಾಸವೇ.

ತಾಮ್ರ ತೊಟ್ಟಿಗೆ ಬರುವ ದಾರಿಯನ್ನು ಹುಡುಕಲು ಬಕೆಟ್ಟಿನಿಂದ ಆರಂಭಿಸಬೇಕು. ಉಪ್ಪು ನೀರು ಕಲಸಲು ಬಳಸುವ ಬಕೆಟ್ಟನ್ನು ಬಿಸಿಲಿಗೆ ಹಿಡಿದು, ತಳದ ಅಂಚಿನ ಗೀರುಗಳಲ್ಲಿಯೂ ಹಿಡಿಯ ತಂತಿ ಸಿಕ್ಕಿಸಿದ ತೂತುಗಳ ಸುತ್ತಲೂ ನೋಡಿ. ತಿಳಿ ನೀಲಿಯ ಗೆರೆಯೊಂದು ಕಂಡರೆ ಆ ಬಕೆಟ್ಟು ಎಂದೋ ಮದ್ದು ಕಲಸಲು ಹೋಗಿತ್ತು ಎಂದು ತಿಳಿಯಬೇಕು. ಎಷ್ಟು ತೊಳೆದರೂ ಅದನ್ನು ಮತ್ತೆ ತೊಟ್ಟಿಯ ಕೆಲಸಕ್ಕೆ ತರಬಾರದು. ಮದ್ದು ಬಿಟ್ಟು ಬಂದವರು ಸ್ನಾನ ಮಾಡದೆ ತೊಟ್ಟಿಗೆ ಕೈ ಹಾಕುವುದು, ತೋಟದ ಪಕ್ಕದ ಮಾಡಿನಿಂದ ಇಳಿದ ಮಳೆನೀರನ್ನು ಶುದ್ಧವೆಂದು ತುಂಬಿಸುವುದು, ಹಿತ್ತಾಳೆ ನಲ್ಲಿಯಿಂದ ನೀರು ಹಿಡಿಯುವುದು, ಇವೂ ದಾರಿಗಳೇ. ಮೀನಿನ ಕೆಲವು ಔಷಧಿಗಳಲ್ಲಿಯೂ ತಾಮ್ರವಿರುತ್ತದೆ. ಔಷಧಿ ಕೊಡಬೇಕಾದ ಮೀನನ್ನು ಬೇರೆ ಪಾತ್ರೆಗೆ ಹಾಕಿಯೇ ಕೊಡಬೇಕು. ಸೊಳ್ಳೆಗೆಂದು ಹಚ್ಚುವ ದ್ರವದ ಯಂತ್ರಗಳೂ ಬತ್ತಿಗಳೂ ಸಾಮಾನ್ಯವಾಗಿ ಪೈರೆಥ್ರಾಯ್ಡ್ ಎಂಬ ಕೀಟನಾಶಕವನ್ನು ಬಿಡುತ್ತವೆ. ಅದು ಸಿಗಡಿಗೂ ಮೀನಿಗೂ ಮಾರಕ. ಗಾಳಿಯ ಪಂಪು ಕೋಣೆಯ ಗಾಳಿಯನ್ನು ನೇರವಾಗಿ ನೀರಿಗೆ ಊದುವುದರಿಂದ ತೊಟ್ಟಿಯಿರುವ ಕೋಣೆಯಲ್ಲಿ ಸೊಳ್ಳೆಪರದೆಯೇ ಲೇಸು.

ಅನುಮಾನ ಬಂದ ದಿನವೇ ತಾಮ್ರದ ಪರೀಕ್ಷಾ ಕಿಟ್ ಬಳಸಿ ನೋಡಿ, ಅದು ಸಿಗುವವರೆಗೆ ಕಾಯದೆ ಉಷ್ಣತೆಯೂ ಲವಣಾಂಶವೂ ಸರಿಹೊಂದಿದ ಹೊಸ ನೀರಿನಿಂದ ಮೂರನೇ ಒಂದು ಭಾಗ ಬದಲಿಸಿ, ಹೊಸ ಆಕ್ಟಿವೇಟೆಡ್ ಕಾರ್ಬನ್ ಹಾಕಬೇಕು. ತಾಮ್ರವನ್ನೇ ಹಿಡಿಯುವ ರೆಸಿನ್ ಸಿಕ್ಕಿದರೆ ಅದೂ ಬೇಕು. ತಾಮ್ರ ಕಲ್ಲಿಗೂ ಮರಳಿಗೂ ಅಂಟಿಕೊಂಡು ನಿಧಾನವಾಗಿ ಮರಳಿ ಬಿಡುವುದರಿಂದ ಒಂದು ಸಲದ ನೀರು ಬದಲಾವಣೆಯಿಂದ ಕೆಲಸ ಮುಗಿಯುವುದಿಲ್ಲ.

ಈಗ ಬೆಳಕು

ಮೇಲಿನ ಎಲ್ಲವೂ ಸರಿಯಿದ್ದು, ಕ್ಷಾರತೆ 8–9 ಡಿಗ್ರಿ ಕೆಎಚ್ ಇದ್ದು, ನೈಟ್ರೇಟೂ ಫಾಸ್ಫೇಟೂ ಪೂರ್ತಿ ಸೊನ್ನೆಯಾಗಿಲ್ಲ ಎಂದು ಖಚಿತವಾದರೆ ದೀಪದತ್ತ ಬರಬಹುದು. ಪೋಷಕಾಂಶ ಸೊನ್ನೆಯಾದ ಅತಿ ಶುಚಿಯಾದ ನೀರಿನಲ್ಲಿಯೂ ಹವಳದ ಬಣ್ಣ ಇಳಿಯುತ್ತದೆ, ಆದ್ದರಿಂದ ಈ ಎಚ್ಚರಿಕೆ.

ಬೆಳಕು ಕಡಿಮೆಯಾದಾಗ ಝೋವಾಂಥಿಡ್‌ಗಳ ಕಾಂಡ ಉದ್ದವಾಗಿ ಮೇಲಕ್ಕೆ ಚಾಚುತ್ತದೆ, ಮಶ್ರೂಮ್ ಅಗಲವಾಗಿ ತೆಳ್ಳಗೆ ಹರಡುತ್ತದೆ, ಬಣ್ಣಗಳು ಕಂದಾಗುತ್ತವೆ. ಬೆಳಕು ಹೆಚ್ಚಾದಾಗ ಝೋವಾಂಥಿಡ್ ಕಲ್ಲಿಗೆ ಒತ್ತಿಕೊಂಡು ಕುಳ್ಳಾಗುತ್ತದೆ, ಮಶ್ರೂಮ್ ಕುಗ್ಗಿ ಅಂಚು ಮಡಚಿಕೊಳ್ಳುತ್ತದೆ, ಕೆಲವೊಮ್ಮೆ ಕಲ್ಲನ್ನು ಬಿಟ್ಟು ತೇಲಿ ನೆರಳು ಹುಡುಕುತ್ತದೆ. ಹೊಸಬರು ಕಡಿಮೆ ಬೆಳಕಿಗೆ ಹೆದರುತ್ತಾರೆ. ನಾನು ಕಂಡಂತೆ ಈಗಿನ ಎಲ್‌ಇಡಿಗಳಿಂದ ಹೆಚ್ಚಾಗಿ ಆಗುವ ಹಾನಿ ಅತಿ ಬೆಳಕಿನದು.

ಹವಳಕ್ಕೆ ಉಪಯೋಗವಾಗುವ ಬೆಳಕನ್ನು ಪಾರ್ ಎಂಬ ಅಳತೆಯಲ್ಲಿ ಹೇಳುತ್ತಾರೆ: ಒಂದು ಚದರ ಮೀಟರಿಗೆ ಒಂದು ಸೆಕೆಂಡಿನಲ್ಲಿ ಬೀಳುವ ಬೆಳಕಿನ ಕಣಗಳು, ಮೈಕ್ರೋಮೋಲ್‌ಗಳಲ್ಲಿ. ಮೃದು ಹವಳಗಳಿಗೆ 50ರಿಂದ 120 ಸಾಕು, ಮಶ್ರೂಮ್‌ಗಳು ಅದರ ಕೆಳ ತುದಿಯಲ್ಲಿಯೇ ಸುಖವಾಗಿರುತ್ತವೆ. ಲೀಟರಿಗೆ ಇಷ್ಟು ವ್ಯಾಟ್ ಎಂಬ ಹಳೆಯ ಲೆಕ್ಕ ಟ್ಯೂಬ್‌ಲೈಟುಗಳ ಕಾಲದ್ದು, ಎಲ್‌ಇಡಿಗೆ ಅದು ಅನ್ವಯಿಸುವುದಿಲ್ಲ. ನಮ್ಮ ಮಾದರಿ ತೊಟ್ಟಿಗೆ 25–40 ವ್ಯಾಟಿನ, 450 ನ್ಯಾನೋಮೀಟರ್ ಆಸುಪಾಸಿನ ನೀಲಿ ಎಲ್‌ಇಡಿಗಳು ಹೆಚ್ಚಿರುವ, ನೀಲಿ ಮತ್ತು ಬಿಳಿಯನ್ನು ಬೇರೆಬೇರೆಯಾಗಿ ಹೊಂದಿಸಬಹುದಾದ ದೀಪ ಸಾಕು. ಸಮುದ್ರದ ನೀರು ಕೆಂಪು ಬೆಳಕನ್ನು ಮೇಲಿನ ಕೆಲವೇ ಮೀಟರುಗಳಲ್ಲಿ ಹೀರಿಕೊಳ್ಳುವುದರಿಂದ ಹವಳದೊಳಗಿನ ಪಾಚಿ ನೀಲಿಯಲ್ಲಿ ಬದುಕಲು ಒಗ್ಗಿಕೊಂಡಿದೆ. ಗಿಡಗಳ ಸಿಹಿನೀರಿನ ತೊಟ್ಟಿಗೆಂದು ಮಾರುವ ಬಿಳಿ–ಕೆಂಪು ದೀಪವನ್ನು ಇಲ್ಲಿ ತೂಗಿಸಿದರೆ ಹವಳಕ್ಕಿಂತ ಹಸಿರು ಪಾಚಿಗೆ ಹಬ್ಬವಾಗುತ್ತದೆ.

ಪಾರ್ ಮೀಟರ್ ದುಬಾರಿ. ಕಣ್ಣಿಗೆ ಕಾಣುವ ಬೆಳಕನ್ನು ಅಳೆಯುವ ಮೊಬೈಲಿನ ಲಕ್ಸ್ ಆಪ್ ಪಾರ್ ತೋರಿಸುವುದಿಲ್ಲ, ನೀಲಿಯನ್ನಂತೂ ಬಹಳ ಕಡಿಮೆ ಲೆಕ್ಕ ಹಾಕುತ್ತದೆ. ಆದರೂ ಅದಕ್ಕೊಂದು ಉಪಯೋಗವಿದೆ. ದೀಪ ಹೊಸದಾಗಿರುವಾಗ, ಪರದೆ ಎಳೆದು, ತೊಟ್ಟಿಯ ಅಂಚಿನಲ್ಲಿ ಗುರುತು ಮಾಡಿದ ಒಂದು ಜಾಗದಲ್ಲಿ ಅದೇ ಮೊಬೈಲನ್ನು ಹಿಡಿದು ಅಂಕಿ ಬರೆದಿಡಿ. ಮುಂದೆ ಅದೇ ಜಾಗದಲ್ಲಿ, ಅದೇ ಮೊಬೈಲಿನಲ್ಲಿ, ಅದೇ ಹೊಂದಾಣಿಕೆಯಲ್ಲಿ ಅಂಕಿ ಇಳಿದಿದ್ದರೆ ದೀಪ ಮಂಕಾಗಿದೆ ಎಂಬುದು ನಿಶ್ಚಿತ. ಮಂಕಾದ ದೀಪದ ಲೆನ್ಸನ್ನು ಮೊದಲು ಒರೆಸಿ. ಗುಳ್ಳೆ ಒಡೆದು ಸಿಡಿದ ಉಪ್ಪು ಅದರ ಮೇಲೆ ಬಿಳಿ ಪೊರೆಯಾಗಿ ಕಟ್ಟಿರುತ್ತದೆ. ಪ್ಲಗ್ ತೆಗೆದು, ತಣಿದ ಮೇಲೆ, ಆರ್‌ಓ ನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಬಳಿಕ ದೀಪದೊಳಗಿನ ಫ್ಯಾನು ತಿರುಗುತ್ತಿದೆಯೇ ನೋಡಬೇಕು. ಉಪ್ಪಿನ ಗಾಳಿಗೆ ಮೊದಲು ಕೆಡುವುದು ಅದೇ, ಮತ್ತು ಅದು ನಿಂತಾಗ ಬಿಸಿಯಾದ ದೀಪ ತನ್ನಷ್ಟಕ್ಕೆ ಪ್ರಖರತೆ ಇಳಿಸಿಕೊಳ್ಳಬಹುದು ಅಥವಾ ಸುಟ್ಟುಹೋಗಬಹುದು.

ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೇ ತಿಂಗಳಲ್ಲಿ ತೊಟ್ಟಿ ಇಟ್ಟವರಿಗೆ ದಕ್ಷಿಣದ ಕಿಟಕಿಯಿಂದ ಬಿಸಿಲು ಬೀಳುವುದಿಲ್ಲ, ಏಕೆಂದರೆ ಆಗ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಡಿಸೆಂಬರಿನಲ್ಲಿ ಅದೇ ಕಿಟಕಿಯಿಂದ ಬಿಸಿಲು ಒಳನುಗ್ಗುತ್ತದೆ. ನವೆಂಬರಿನ ಬಳಿಕ ಕಾರಣವಿಲ್ಲದೆ ಪಾಚಿ ಹೆಚ್ಚಿತು ಎನ್ನುವವರು ನಡುಮಧ್ಯಾಹ್ನ ಒಮ್ಮೆ ತೊಟ್ಟಿಯ ಬದಿಯಲ್ಲಿ ನಿಂತು ನೋಡಲಿ.

ಪಾಚಿಯ ಗುರುತು

ಮೊದಲ ವಾರಗಳಲ್ಲಿ ಮರಳಿನ ಮೇಲೆ ಬರುವ ಕಂದು ಹುಡಿ ಡಯಾಟಮ್. ಅದು ತಾನಾಗಿ ಹೋಗುತ್ತದೆ, ದೀಪ ಕಡಿಮೆ ಮಾಡುವ ಅಗತ್ಯವಿಲ್ಲ. ಕೆನ್ನೇರಳೆ ಬಣ್ಣದ, ಹಾಳೆಯಂತೆ ಎದ್ದು ಬರುವ ಲೋಳೆ ಸಯನೋಬ್ಯಾಕ್ಟೀರಿಯಾ; ಅಲ್ಲಿ ಹರಿವು ಹೆಚ್ಚಿಸಿ, ಆಹಾರ ಕಡಿಮೆ ಮಾಡಬೇಕು. ಗುಳ್ಳೆಗಳಿಂದ ಕೂಡಿದ ಕಂದು ಎಳೆಗಳು ಕಂಡರೆ ಸ್ವಲ್ಪವನ್ನು ಸೀಸೆಯಲ್ಲಿ ತೆಗೆದು, ಚೆನ್ನಾಗಿ ಕುಲುಕಿ, ಕಾಫಿ ಸೋಸುವ ಕಾಗದದಲ್ಲಿ ಸೋಸಿ, ಆ ನೀರನ್ನು ಬೆಳಕಿನಲ್ಲಿ ಒಂದು ಗಂಟೆ ಇಡಿ. ಎಳೆಗಳು ಮತ್ತೆ ಕೂಡಿಕೊಂಡರೆ ಅದು ಡೈನೋಫ್ಲಾಜೆಲೇಟ್. ನೈಟ್ರೇಟ್, ಫಾಸ್ಫೇಟ್ ಸೊನ್ನೆಯಾದ ತೊಟ್ಟಿಯಲ್ಲಿ ಇದು ಹೆಚ್ಚು. ಇಲ್ಲಿ ಹೆಚ್ಚು ನೀರು ಬದಲಿಸುವುದರಿಂದ ತೊಂದರೆ ಬೆಳೆಯುತ್ತದೆಯೇ ಹೊರತು ಇಳಿಯುವುದಿಲ್ಲ.

ದೀಪ ಬದಲಿಸಲೇಬೇಕಾದಾಗ

ಮೊದಲ ಸಲ ಕೊಳ್ಳುವವರು ಹಣವನ್ನು ಈ ಕ್ರಮದಲ್ಲಿ ಹಂಚಲಿ ಎಂಬುದು ನನ್ನ ಸಲಹೆ: ತಂಪು ಮಾಡುವ ವ್ಯವಸ್ಥೆ, ರಿಫ್ರ್ಯಾಕ್ಟೋಮೀಟರ್, ನೀರು ತುಂಬಿಸುವ ಸಾಧನ, ಗಂಟೆಗೆ ಸುಮಾರು ಸಾವಿರ ಲೀಟರಿನ ವೇವ್‌ಮೇಕರ್, ಆಮೇಲೆ ದೀಪ. ಸ್ಕಿಮ್ಮರ್ ಈ ಅಳತೆಯ ತೊಟ್ಟಿಗೆ ಕಾಯಬಹುದು. ವಾರಕ್ಕೆ ಶೇಕಡಾ 10ರಷ್ಟು ನೀರು ಬದಲಿಸುವುದು ಅದರ ಕೆಲಸವನ್ನು ಬಹುಮಟ್ಟಿಗೆ ಮಾಡುತ್ತದೆ.

ಹೊಸ ದೀಪವನ್ನು ನೀರಿನಿಂದ 20–25 ಸೆಂ.ಮೀ. ಮೇಲೆ ತೂಗಿಸಿ, ಶೇಕಡಾ 30ರಲ್ಲಿ ಆರಂಭಿಸಿ, ದಿನಕ್ಕೆ 8 ಗಂಟೆ ಮಾತ್ರ ಉರಿಸಬೇಕು. ವಾರಕ್ಕೆ ಶೇಕಡಾ 5ರಂತೆ ಏರಿಸುತ್ತಾ, ಮಶ್ರೂಮ್ ಕುಗ್ಗಲು ಆರಂಭಿಸಿದ ವಾರ ಒಂದು ಹೆಜ್ಜೆ ಹಿಂದೆ ಬಂದು ಅಲ್ಲಿಯೇ ನಿಲ್ಲಿಸಬೇಕು. ಹಳೆಯ ದೀಪ ಉರಿಯುವಂತಿದ್ದರೆ ಮಾರದೆ ಒರೆಸಿ ತೆಗೆದಿಡಿ. ಏಪ್ರಿಲ್–ಮೇ ಹಾಗೂ ತುಲಾ ಮಾಸದ ಗುಡುಗು ಮಳೆಯಲ್ಲಿ ಸಿಡಿಲಿನಿಂದ ಎಲ್‌ಇಡಿಯ ಡ್ರೈವರ್ (ದೀಪಕ್ಕೆ ಕರೆಂಟನ್ನು ಹೊಂದಿಸಿ ಕೊಡುವ ಭಾಗ) ಸುಡುವುದುಂಟು. ಮೋಡ ಕಟ್ಟಿದೊಡನೆ ದೀಪದ ಪ್ಲಗ್ ಕಳಚುವುದು ಮೊದಲ ರಕ್ಷಣೆ. ಅದಕ್ಕೂ ಮೀರಿ ಕೆಟ್ಟರೆ, ಹೊಸ ಡ್ರೈವರ್ ಮಂಗಳೂರಿನಿಂದ ಬರುವವರೆಗಿನ ವಾರಗಳಿಗೆ ಆ ಹಳೆಯ ದೀಪ ಸಾಕಾಗುತ್ತದೆ.